ಅಪ್ಪಯ್ಯನಿಗೊಂದು ಜಿಪಿಎಸ್

ಕಳೆದ ಆಷಾಢದಲ್ಲಿ ಅಪ್ಪಯ್ಯ ಗುಡ್ಡದಲ್ಲಿ ದಾರಿ ತಪ್ಪಿದರು. ಕೊಪ್ಪದ ಹತ್ತಿರದ ನಮ್ಮ ಮನೆಗೆ ನೀರು ಬರುವುದೇ ಗುಡ್ಡದ ಮೇಲಿನ ಝರಿಯಿಂದ. ಪೈಪಿನ ಬಾಯಿಗೆ ಕಟ್ಟಿಕೊಂಡ ಎಲೆ ಬಿಡಿಸಲು ಹೋದವರು, ಮಂಜು ಮುಸುಕಿ, ನಾಲ್ಕು ಗಂಟೆ ಸುತ್ತಿದಲ್ಲೇ ಸುತ್ತಿ, ಕತ್ತಲಾದ ಮೇಲೆ ಕಾಲು ತುಂಬ ಉಂಬಳ ಕಚ್ಚಿಸಿಕೊಂಡು ಬಂದರಂತೆ. ಐವತ್ತು ವರ್ಷ ನಡೆದ ದಾರಿ! ನನಗೆ ಗೊತ್ತಾಗಿದ್ದು ಮೂರು ದಿನದ ಮೇಲೆ. "ಅವ್ನಿಗೆ ಹೇಳ್ಬೇಡ ಅಂದಿದ್ರು" ಎಂದಳು ಅಮ್ಮ.

ಫೋನಿನಲ್ಲೇ ಜಿಪಿಎಸ್ ಇದೆಯಲ್ಲ ಅನ್ನಬಹುದು ನೀವು. ನೆಟ್‌ವರ್ಕ್ ಇಲ್ಲದಿದ್ದರೂ ಅದು ಉಪಗ್ರಹ ಹಿಡಿಯುತ್ತದೆ, ನಿಜ. ಆದರೆ ಮಳೆಹನಿ ಬಿದ್ದ ಟಚ್‌ಸ್ಕ್ರೀನು, ಅಡಿಕೆ ಸುಲಿದು ಒರಟಾದ ಬೆರಳು, ಸದಾ ಖಾಲಿಯಾಗಿರುವ ಅಪ್ಪಯ್ಯನ ಬ್ಯಾಟರಿ. ಬೆಸೆಂಟ್ ನಗರದ ಬಾಡಿಗೆ ಮನೆಯಲ್ಲಿ ಕೂತು ವಾರಗಟ್ಟಲೆ ಗಾರ್ಮಿನ್ ಮಾಡೆಲ್‌ಗಳನ್ನು ಹೋಲಿಸಿದೆ. ದೊಡ್ಡ ಪರದೆಯ ಒರೆಗಾನ್ ಚೆಂದವೇ. ಆದರೆ ಅದೂ ಟಚ್ಚು.

ಊರೂರು ಆಲ್ಕಾಟ್ ಕುಪ್ಪಂನಲ್ಲಿ ಮೀನು ಕೊಳ್ಳುವಾಗ, ದೋಣಿಯಿಂದ ಇಳಿದವರೊಬ್ಬರ ಕೈಯಲ್ಲಿ ಜಿಪಿಎಸ್ ಕಂಡು ನನ್ನ ಹರುಕು ತಮಿಳಿನಲ್ಲಿ ವಿಚಾರಿಸಿದೆ. "ಬಟನ್ ಇರೋದು ತಗೊಳ್ಳಿ ಸಾರ್, ಗೂಡಂಗಡೀಲಿ ಸಿಗೋ ಸೆಲ್ ಹಾಕೋದು. ಹೊರಡೋಕೆ ಮುಂಚೆ ದಡ ಗುರುತು ಹಾಕ್ಕೊಳ್ಳಿ" ಅಂದರು.

ಹಾಗೆ ಇಟ್ರೆಕ್ಸ್‌ಗೆ ಬಂದೆ. ಎರಡು ಪೆನ್ಸಿಲ್ ಸೆಲ್ಲಿಗೆ ಸುಮಾರು 25 ಗಂಟೆ. ಚಾರಣದ ಹುಚ್ಚಿನ ಸಹೋದ್ಯೋಗಿಯ 22ಎಕ್ಸ್ ಕಡ ತಂದು ಎಲಿಯಟ್ಸ್ ಬೀಚಿನ ಶ್ಮಿಟ್ ಸ್ಮಾರಕವನ್ನೇ 'ಮನೆ' ಎಂದು ಗುರುತಿಸಿ, ಅಡಯಾರ್ ಅಳಿವೆಯ ಮುರಿದ ಸೇತುವೆಯವರೆಗೆ ನಡೆದು ತಿರುಗಿದೆ. ನಡೆಯುವಾಗ ಬಾಣ ಸರಿಯಾಗಿತ್ತು. ನಿಂತು ಸುತ್ತ ತಿರುಗಿದರೆ ಮಾತ್ರ ಅದಕ್ಕೆ ಪತ್ತೆಯೇ ಇಲ್ಲ! ಅದರಲ್ಲಿ ದಿಕ್ಸೂಚಿ ಇಲ್ಲ. ನಾವು ಚಲಿಸಿದರೆ ಮಾತ್ರ ಮುಖ ಯಾವ ಕಡೆ ಅಂತ ಲೆಕ್ಕ ಹಾಕುತ್ತದೆ. ಮಂಜಿನಲ್ಲಿ ದಾರಿ ತಪ್ಪಿದವರು ಮೊದಲು ಮಾಡುವುದೇ ನಿಲ್ಲುವುದು. ಎಲೆಕ್ಟ್ರಾನಿಕ್ ದಿಕ್ಸೂಚಿಯಿರುವ 32ಎಕ್ಸ್ ಕೊಂಡೆ. ದಟ್ಟ ಮರಗಳಡಿ ಹತ್ತಿಪ್ಪತ್ತು ಮೀಟರ್ ಆಚೀಚೆ ಆದೀತು. ತೋಟದ ಬೇಲಿ ಮುಟ್ಟಿಸಿದರೆ ಸಾಕು.

ದೀಪಾವಳಿಗೆ ಹೋದಾಗ ಅಂಗಳದಲ್ಲಿ ನಿಂತು ಮನೆ ಗುರುತಿಸಿದೆ. ಅದರಲ್ಲಿ ಕನ್ನಡ ಅಕ್ಷರವಿಲ್ಲ, ಇಂಗ್ಲಿಷಿನಲ್ಲೇ 'ಮನೆ' ಎಂದು ಬರೆದದ್ದಾಯಿತು. ಅಪ್ಪಯ್ಯ ಕನ್ನಡಕ ಏರಿಸಿ ನೋಡಿದರು. "ಮನೆ ನಂಗೆ ಗೊತ್ತಿಲ್ವನಾ? ಪೈಪಿನ ಬಾಯಿ ಎಲ್ಲಿದೆ ಅಂತ ಹಾಕು. ಅದು ಗೊತ್ತಿಲ್ಲದೆ ಇರೋದು ನಿಂಗೆ."

ಮರುದಿನ ಬೆಳಿಗ್ಗೆ ಹತ್ತಿದೆವು. ಅವರು ಮುಂದೆ, ಜಿಪಿಎಸ್ ನನ್ನ ಕೈಯಲ್ಲಿ.