ಪಂಕ್ತಿ ಒಂದು ಸುತ್ತು ಬರಲಿ

ಅಂಚೆಚೀಟಿ ಕೂಡಿಡುವವರನ್ನು ಕಂಡರೆ ಉಳಿದವರಿಗೆ ಕೊಂಚ ಕನಿಕರ, ಕೊಂಚ ನಗೆ. ಕಾಗದಕ್ಕೆ ಅಂಟಿಸುವುದಕ್ಕಲ್ಲದೆ, ಸುಮ್ಮನೆ ಪುಸ್ತಕದಲ್ಲಿಟ್ಟು ನೋಡುವುದಕ್ಕೆಂದು ದುಡ್ಡು ಕೊಟ್ಟು ಚೀಟಿ ತರುವವನ ಬುದ್ಧಿ ನೆಟ್ಟಗಿದೆಯೇ ಎಂಬುದು ಅವರ ಸಂದೇಹ. ಆ ಸಂದೇಹಕ್ಕೆ ಉತ್ತರ ಕೊಡುವುದು ನನ್ನ ಉದ್ದೇಶವಲ್ಲ. ನಾಣ್ಯ ಕೂಡಿಡುವವನು, ಹಳೆಯ ಪುಸ್ತಕಗಳ ಮೊದಲ ಮುದ್ರಣಕ್ಕಾಗಿ ಬೀದಿ ಬೀದಿ ಅಲೆಯುವವನು, ಬೆಂಕಿಪೊಟ್ಟಣದ ಚಿತ್ರ ಕತ್ತರಿಸಿಡುವ ಹುಡುಗ, ಇವರೆಲ್ಲ ಒಂದೇ ಕುಲದವರು. ಆ ಕುಲಕ್ಕೆ ಸೇರಿದವನಿಗೆ ಸಮರ್ಥನೆ ಬೇಕಾಗಿಲ್ಲ. ಸೇರದವನಿಗೆ ಅದು ರುಚಿಸುವುದಿಲ್ಲ. ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಬೇಕೆಂದವರಿಗೆಲ್ಲ ಸಾಲದಷ್ಟೇ ಇರುವ ವಸ್ತುವನ್ನು ಕೊಳ್ಳುವಾಗ ಮರ್ಯಾದಸ್ಥನಾದವನು ಹೇಗೆ ನಡೆದುಕೊಳ್ಳಬೇಕು?

ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಮರ್ಯಾದೆಯ ಮಾತೇನು ಬಂತು ಎಂದು ನೀವು ಕೇಳಬಹುದು. ಊಟದ ಪಂಕ್ತಿಯನ್ನು ನೆನೆದುಕೊಳ್ಳಿ. ನಮ್ಮ ತುಮಕೂರು ಸೀಮೆಯ ಮದುವೆಮನೆಯಲ್ಲಿ ಹೋಳಿಗೆ ಬಡಿಸುವವನು ಪಂಕ್ತಿಯ ತಲೆಯಿಂದ ಹೊರಡುತ್ತಾನೆ. ಮೊದಲನೆಯ ಎಲೆಯವನು ಹತ್ತು ಹೋಳಿಗೆ ಹಾಕಿಸಿಕೊಂಡರೆ ತಡೆಯುವ ಕಾನೂನು ಯಾವ ಗ್ರಂಥದಲ್ಲಿಯೂ ಇಲ್ಲ. ಆದರೆ ಪಕ್ಕದಲ್ಲಿ ಕುಳಿತ ಹಿರಿಯರು ಸುಮ್ಮನಿರುವುದಿಲ್ಲ. “ಪಂಕ್ತಿ ಒಂದು ಸುತ್ತು ಬರಲಪ್ಪ, ಆಮೇಲೆ ಬೇಕಾದಷ್ಟು ಹಾಕಿಸಿಕೊಳ್ಳುವೆಯಂತೆ” ಎನ್ನುತ್ತಾರೆ. ಇದೇ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ಸನ್ನಿಧಿಯ ದಾಸೋಹಕ್ಕೆ ಕುಳಿತವರು ಹೊಟ್ಟೆ ತುಂಬ ಉಣ್ಣುತ್ತಾರೆ. ಉಂಡು ಮಿಕ್ಕದ್ದನ್ನು ಗಂಟು ಕಟ್ಟಿ ಬಾಗಿಲಲ್ಲಿ ಮಾರುವ ಯೋಚನೆ ಯಾರಿಗೂ ಬರುವುದಿಲ್ಲ. ಉಣ್ಣುವಾಗ ನಮಗಿರುವ ಈ ವಿವೇಕ ಕೊಳ್ಳುವಾಗ ಎಲ್ಲಿ ಹೋಗುತ್ತದೆ ಎಂಬುದೇ ನನಗೆ ಆಶ್ಚರ್ಯ.

ಅಂಚೆಚೀಟಿಯ ವಿಷಯದಲ್ಲಂತೂ ಈ ವಿವೇಕ ಇನ್ನೂ ಹೆಚ್ಚಾಗಿರಬೇಕು. ಏಕೆಂದರೆ ಅದು ಹುಟ್ಟಿದ್ದೇ ಸಮತೆಯ ಒಂದು ಭಾವನೆಯಿಂದ. ಇಂಗ್ಲೆಂಡಿನಲ್ಲಿ ೧೮೪೦ಕ್ಕೆ ಹಿಂದೆ ಕಾಗದದ ಕೂಲಿಯನ್ನು ದೂರಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಿದ್ದರು. ಬಹುಮಟ್ಟಿಗೆ ಅದನ್ನು ಪಡೆದವನೇ ತೆರಬೇಕಾಗಿತ್ತು. ಬಡವನಿಗೆ ದೂರದ ಮಗನಿಂದ ಕಾಗದ ಬಂದರೆ ಸಂತೋಷದ ಜೊತೆಗೆ ಖರ್ಚೂ ಬಂದಂತೆ. ರೋಲೆಂಡ್ ಹಿಲ್ ಎಂಬಾತನ ಪ್ರಯತ್ನದಿಂದ, ದೂರ ಎಷ್ಟೇ ಇರಲಿ, ಅರ್ಧ ಔನ್ಸ್ ತೂಕದ ಕಾಗದಕ್ಕೆ ಒಂದೇ ಪೆನ್ನಿ ಎಂದು ಗೊತ್ತಾಯಿತು. ಆ ವರ್ಷದ ಮೇ ತಿಂಗಳಲ್ಲಿ ಮೊದಲ ಅಂಚೆಚೀಟಿ, ಪೆನ್ನಿ ಬ್ಲ್ಯಾಕ್, ಹೊರಬಂತು. ನಮ್ಮಲ್ಲಿ ಬ್ರಿಟಿಷರ ಆಡಳಿತದ ಪ್ರದೇಶದಲ್ಲಿ ೧೮೫೪ರಿಂದ ಕಾಲು ತೊಲದ ಕಾಗದಕ್ಕೆ ಎಲ್ಲಿಂದ ಎಲ್ಲಿಗಾದರೂ ಅರ್ಧಾಣೆ ಎಂದಾಯಿತು. ಮುಖಬೆಲೆ ಎಂಬ ಮಾತೇ ಸೊಗಸಾಗಿದೆ. ಚೀಟಿ ತನ್ನ ಬೆಲೆಯನ್ನು ತನ್ನ ಮುಖದ ಮೇಲೆ ಬರೆದುಕೊಂಡಿದೆ. ಕೊಳ್ಳುವವನ ಮುಖ ನೋಡಿ ಮಣೆ ಹಾಕುವುದು ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಕೆಲವು ಚೀಟಿಗಳಿಗೆ ಲಕ್ಷಗಟ್ಟಲೆ ಬೆಲೆ ಬರುವುದು ಅನ್ಯಾಯವೇ? ಎಲ್ಲವೂ ಅಲ್ಲ. ಅಪರೂಪದಲ್ಲಿ ಮೂರು ಬಗೆಯುಂಟು. ಮೊದಲನೆಯದು ದೈವವಶದಿಂದ ಆದದ್ದು. ೧೮೫೪ರ ನಾಲ್ಕಾಣೆಯ ಚೀಟಿಯನ್ನು ಕೆಂಪು ಮತ್ತು ನೀಲಿ ಬಣ್ಣಗಳಲ್ಲಿ ಎರಡು ಸಲ ಅಚ್ಚು ಹಾಕಬೇಕಾಗಿತ್ತು. ಅಚ್ಚಿನ ಮನೆಯಲ್ಲಿ ಕೆಲವು ಹಾಳೆಗಳು ತಿರುಗುಮುರುಗಾಗಿ, ರಾಣಿಯ ತಲೆ ಚೌಕಟ್ಟಿನೊಳಗೆ ಕೆಳಮೊಗವಾಗಿ ನಿಂತಿತು. ಇಂದು ಆ ಚೀಟಿ ಜಗತ್ಪ್ರಸಿದ್ಧ. ಯಾರೂ ಬೇಕೆಂದು ಮಾಡಿದ್ದಲ್ಲ, ಯಾರೂ ಯಾರಿಂದಲೂ ಕಸಿದದ್ದಲ್ಲ. ಅದು ಯಾರ ಕೈಗೆ ಬಂದರೂ ನಾವು ಅಸೂಯೆಪಡಬಹುದೇ ಹೊರತು ದೂರುವಂತಿಲ್ಲ.

ಎರಡನೆಯದು ಅಧಿಕಾರದಿಂದ ಆದದ್ದು. ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವದ ದಿನ, ೧೯೪೮ರ ಆಗಸ್ಟ್ ೧೫ರಂದು, ಗಾಂಧೀಜಿಯ ನೆನಪಿಗಾಗಿ ನಾಲ್ಕು ಚೀಟಿಗಳನ್ನು ಹೊರಡಿಸಿದರು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿ. ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಅವುಗಳಲ್ಲಿ ಹತ್ತು ರೂಪಾಯಿಯ ನೂರೇ ನೂರು ಚೀಟಿಗಳ ಮೇಲೆ ‘ಸರ್ವಿಸ್’ ಎಂಬ ಮುದ್ರೆಯೊತ್ತಿ ಗವರ್ನರ್ ಜನರಲ್ ಅವರ ಬಳಕೆಗೆ ಮೀಸಲಿಟ್ಟರು. ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ ೨೦೧೭ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಪ್ರಯಾಣ ಮಾಡುತ್ತಿದ್ದ ಮಹಾತ್ಮನ ಮುಖ, ದೇಶದಲ್ಲೇ ಅತ್ಯಂತ ದುರ್ಲಭವಾದ ಚೀಟಿಗಳಲ್ಲಿ ಒಂದಾಗಿ ಕೂತಿದೆ! ಇದರಲ್ಲಿ ಮೋಸವಿಲ್ಲ, ನಿಜ. ಆದರೆ ನೆನೆದರೆ ನಗು ಬರುವುದನ್ನು ತಡೆಯಲಾಗದು.

ಮೂರನೆಯ ಬಗೆಯೇ ನನ್ನ ತಕರಾರಿಗೆ ಕಾರಣ. ಅದು ಕೈಯಿಂದ ಆದದ್ದು. ಸಾಲಿನ ಮುಂದೆ ನಿಂತವನು ಇದ್ದದ್ದನ್ನೆಲ್ಲ ಬಾಚಿಕೊಂಡು, ಹಿಂದಿನವರಿಗೆ ಇಲ್ಲವೆನಿಸಿ, ಆ ‘ಇಲ್ಲ’ವನ್ನೇ ಅವರಿಗೆ ಮಾರುವುದು. ಸಿನಿಮಾ ಟಿಕೆಟ್ಟಿನಲ್ಲಿ ಇದನ್ನು ಬ್ಲ್ಯಾಕ್ ಎನ್ನುತ್ತೇವೆ. ಅಂಚೆಚೀಟಿಯಲ್ಲಿ ವ್ಯವಹಾರಜ್ಞಾನ ಎಂದು ಹೊಗಳುತ್ತೇವೆ.

ಅಂಚೆ ಇಲಾಖೆಯವರು ಈಚೆಗೆ ಜನರನ್ನು ಮರುಳು ಮಾಡುವ ಚೀಟಿಗಳನ್ನು ತರುತ್ತಿದ್ದಾರೆ. ೨೦೦೬ರ ಡಿಸೆಂಬರಿನಲ್ಲಿ ಶ್ರೀಗಂಧದ ಪರಿಮಳದ ಚೀಟಿ ಬಂತು, ಮುಖಬೆಲೆ ೧೫ ರೂಪಾಯಿ. ೨೦೧೭ರ ಏಪ್ರಿಲ್ ೨೩ರಂದು ಬೆಂಗಳೂರಿನಲ್ಲಿ ಕಾಫಿಯ ಪರಿಮಳದ್ದು ಬಿಡುಗಡೆಯಾಯಿತು, ಮುಖಬೆಲೆ ೧೦೦ ರೂಪಾಯಿ. ನಮ್ಮ ಕುಣಿಗಲ್ಲಿಗೆ ರೈಲು ಬಂದು ಆಗಿನ್ನೂ ಒಂದು ತಿಂಗಳಾಗಿತ್ತು. ಇಂಥ ಚೀಟಿಗಳನ್ನು ಹತ್ತಾರು ಹಾಳೆ ಕೊಂಡು ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಡುವವರನ್ನು ನಾನು ಬಲ್ಲೆ. ಗಂಧ, ಕಾಫಿ ಎರಡೂ ಅಲ್ಲಿ ನುಸಿಗುಳಿಗೆಯ ವಾಸನೆಯೊಡನೆ ಸಂಸಾರ ಹೂಡಿವೆ. ಅವನ್ನು ಮೂಸಿ ನೋಡುವ ಆಸೆ ಅವರಿಗೆ ಎಂದೂ ಇರಲಿಲ್ಲ.

ಈ ಬಾಚುವಿಕೆಯಿಂದ ನಷ್ಟವಾಗುವುದು ಬರೀ ಹಣವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನನ್ನ ವಿದ್ಯಾರ್ಥಿಯೊಬ್ಬನಿದ್ದ, ಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ಹುಡುಗ. ೧೯೬೦ರಲ್ಲಿ ವಿಶ್ವೇಶ್ವರಯ್ಯನವರಿಗೆ ನೂರು ತುಂಬಿದಾಗ, ಅವರು ಬದುಕಿರುವಾಗಲೇ ಹೊರಬಂದ ೧೫ ನಯೇಪೈಸೆಯ ಚೀಟಿಯ ಕಥೆಯನ್ನು ತರಗತಿಯಲ್ಲಿ ಹೇಳಿದ್ದೆ. ಹುಡುಗನಿಗೆ ಹುಚ್ಚು ಹಿಡಿಯಿತು. ನನ್ನಲ್ಲಿ ಎರಡಿದ್ದುದರಿಂದ ೧೯೬೪ರ ಪುರಂದರದಾಸರ ಚೀಟಿಯೊಂದನ್ನು ಕೊಟ್ಟೆ. ಅವನು ಹಳೆಯ ನೋಟ್‌ಬುಕ್ಕನ್ನೇ ಆಲ್ಬಮ್ ಮಾಡಿಕೊಂಡು, ಒಂದೊಂದು ಚೀಟಿಯ ಕೆಳಗೂ ಅದರ ವಿಷಯವನ್ನು ಗುಂಡಾದ ಅಕ್ಷರದಲ್ಲಿ ಬರೆದಿಟ್ಟ. ಒಮ್ಮೆ ಹೊಸ ಚೀಟಿಯೊಂದು ಬರುವುದೆಂದು ತಿಳಿದು, ಮೊದಲ ರೈಲು ಹಿಡಿದು ದೊಡ್ಡ ಊರೊಂದರ ಅಂಚೆ ಕಚೇರಿಗೆ ಹೋದ. ಸಾಲಿನಲ್ಲಿ ಅವನ ಮುಂದಿದ್ದ ಮಹನೀಯರು ಉಳಿದಿದ್ದ ಹಾಳೆಗಳನ್ನೆಲ್ಲ ಕೊಂಡರು. ಹೊರಗೆ ಮೆಟ್ಟಿಲ ಮೇಲೆ ಅವರೇ ಹುಡುಗನನ್ನು ಕರೆದು, ಮುಖಬೆಲೆಯ ನಾಲ್ಕರಷ್ಟಕ್ಕೆ ಒಂದನ್ನು ಕೊಡುವುದಾಗಿ ಹೇಳಿದರಂತೆ. ಮರುದಿನ ಹುಡುಗ ಆಲ್ಬಮ್ಮನ್ನು ನನ್ನ ಮೇಜಿನ ಮೇಲಿಟ್ಟು, “ನೀವೇ ಇಟ್ಟುಕೊಳ್ಳಿ ಸಾರ್. ಇದು ದುಡ್ಡಿದ್ದವರ ಕೆಲಸ” ಎಂದ. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ಲೆಕ್ಕ ಮುಗಿಸಿದವನಂತೆ ಹೇಳಿದ. ಅದು ನನ್ನನ್ನು ಹೆಚ್ಚು ನೋಯಿಸಿತು.

ನಮ್ಮ ಸ್ಟಾಫ್ ರೂಮಿನ ಅರ್ಥಶಾಸ್ತ್ರದ ಮಿತ್ರರಿಗೆ ಇದನ್ನು ಹೇಳಿದೆ. ಅವರು ನಕ್ಕರು. “ಏನು ಮೇಷ್ಟ್ರೇ, ಬೆಳಗಿನ ಜಾವ ಎದ್ದು ಸಾಲಿನಲ್ಲಿ ನಿಂತದ್ದು ಅವರ ದುಡಿಮೆ. ಬಂಡವಾಳ ಅವರದು, ನಷ್ಟವಾದರೂ ಅವರದೇ. ಜಾತಿಕುದುರೆಯ ಮರಿಯನ್ನು ಹರಾಜು ಹಾಕುವುದಿಲ್ಲವೇ? ಕುದುರೆ ಫಾರಂ ಇರುವ ಊರಿನವರು ನೀವು, ನಿಮಗೆ ಇದು ತಿಳಿಯದೇ?” ಎಂದರು.

ಮಾತಿನಲ್ಲಿ ತೂಕವಿದೆ. ಆದರೆ ಹರಾಜಿಗೆ ಬಂದವರಿಗೆಲ್ಲ ಅದು ಹರಾಜು ಎಂದು ಗೊತ್ತಿರುತ್ತದೆ. ಏರಿದ ಬೆಲೆ ಕುದುರೆ ಸಾಕಿದವನಿಗೇ ಸೇರುತ್ತದೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಹಾಗಲ್ಲ. ಚೀಟಿಗೆ ಪೇಟೆಯಲ್ಲಿ ನಾಲ್ಕರಷ್ಟು ಬೆಲೆ ಬರಬಹುದಾಗಿದ್ದರೂ ಸರ್ಕಾರ ಅದನ್ನು ಮುಖಬೆಲೆಗೇ ಕೊಡುತ್ತದೆ. ನಡುವಿನ ಆ ಅಂತರ ಹವ್ಯಾಸಿಗಳಿಗೆಲ್ಲ ಸೇರಬೇಕಾದ ಒಂದು ಉಡುಗೊರೆ. ಬಾಚಿಕೊಂಡವನು ಹತ್ತು ಜನರ ಉಡುಗೊರೆಯನ್ನು ತಾನೊಬ್ಬನೇ ಪಡೆದು, ಅದನ್ನೇ ಬಂಡವಾಳವೆಂದು ಕರೆಯುತ್ತಾನೆ. ನನ್ನ ಮಿತ್ರರು ಇದನ್ನು ಒಪ್ಪಿದರೆಂದು ಹೇಳಲಾರೆ, ಕಾಫಿ ತರಿಸಿದರು.

ಇಷ್ಟು ವಾದ ಮಾಡಿದ ಮೇಲೆ ನಡೆಯಬೇಕಾದ ದಾರಿಯನ್ನೂ ಹೇಳಬೇಕಲ್ಲವೇ? ನನಗೆ ತೋರಿದ್ದನ್ನು ಹೇಳುತ್ತೇನೆ. ಹಿಂದೆ ಜನ ನಿಂತಿರುವಾಗ ಎರಡು ಸಾಕು: ಒಂದು ಆಲ್ಬಮ್ಮಿಗೆ, ಒಂದು ವಿನಿಮಯಕ್ಕೆ. ಸಾಲು ಮುಗಿದ ಮೇಲೂ ಉಳಿದಿದ್ದರೆ ಮತ್ತೆ ಕೊಳ್ಳಲಿ, ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಮನೆಯ ಆಳುಕಾಳುಗಳ ಕೈಗೆ ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲಿಸುವುದು ಒಬ್ಬನೇ ಹತ್ತು ಎಲೆ ಹಾಕಿಸಿಕೊಂಡಂತೆ. ಗೆಳೆಯನಿಗಾಗಿ ತಂದದ್ದಕ್ಕೆ ಅಸಲು ಮತ್ತು ಬಸ್‌ಚಾರ್ಜು ಕೇಳಬಹುದು. ಲಾಭ ಬೇಕಾದರೆ ಮೊದಲೇ ಬಾಯಿಬಿಟ್ಟು ಹೇಳಬೇಕು. ಒಬ್ಬನಿಗೆ ಕೊಡುತ್ತೇನೆಂದು ಮಾತು ಕೊಟ್ಟ ಚೀಟಿಗೆ ಮರುದಿನ ಇನ್ನೊಬ್ಬ ಹೆಚ್ಚು ಕೊಡಲು ಬಂದರೆ, ಮಾತೇ ಗೆಲ್ಲಬೇಕು. ಬದಲಾಯಿಸಿಕೊಳ್ಳುವಾಗ ಮುರಿದ ಹಲ್ಲು, ಹಿಂಬದಿಯ ಕಲೆ, ತೆಳುವಾದ ಕಾಗದ ಇವನ್ನು ಕೊಡುವವನೇ ತೋರಿಸಬೇಕು. ಹೆಣ್ಣಿನ ಕಡೆಯವರು ಕೇಳಲಿಲ್ಲವೆಂದು ವರನ ಊನವನ್ನು ಮುಚ್ಚಿಡುವುದು ಹೇಗೆ ಸರಿಯಲ್ಲವೋ ಹಾಗೆ.

ಎಲ್ಲಕ್ಕಿಂತ ಕಷ್ಟವಾದ ಪರೀಕ್ಷೆ ಬೇರೊಂದಿದೆ. ಯಾರೋ ಒಬ್ಬ ತಾಯಿ ಅಟ್ಟದ ಟ್ರಂಕಿನಲ್ಲಿ ಸಿಕ್ಕ ಹಳೆಯ ಕಾಗದಗಳ ಕಟ್ಟನ್ನು ತಂದು, “ನೋಡಿ ಸ್ವಾಮಿ, ಇದಕ್ಕೇನಾದರೂ ಬರುತ್ತದೆಯೇ?” ಎಂದು ಕೇಳುತ್ತಾರೆ. ಕೊಳ್ಳುವವನಿಗೆ ಬೆಲೆ ಗೊತ್ತು, ಮಾರುವವರಿಗೆ ಗೊತ್ತಿಲ್ಲ. ಅಂಗಡಿಯಲ್ಲಿ ಬೆಲೆ ತಿಳಿದ ವರ್ತಕನಿಂದ ಅಗ್ಗಕ್ಕೆ ಗಿಟ್ಟಿಸುವುದು ಜಾಣತನವಿರಬಹುದು. ನಂಬಿ ಕೇಳಿದವರಿಗೆ ಮೊದಲು ನಿಜವಾದ ಬೆಲೆ ಹೇಳಿ, ಆಮೇಲೆ ಚೌಕಾಸಿಗೆ ಕೂಡಬೇಕು. ಆಗ ಕೊಳ್ಳುವುದಕ್ಕೆ ನಮ್ಮಲ್ಲಿ ಹಣ ಸಾಲದಿದ್ದರೆ ಒಳ್ಳೆಯ ಚೀಟಿಯೊಂದನ್ನು ಕಣ್ಣಾರೆ ನೋಡಿದ ಭಾಗ್ಯವಾದರೂ ಉಳಿಯುತ್ತದೆ.

ಕೊಳ್ಳುವವರ ಸೌಜನ್ಯವೊಂದನ್ನೇ ನಂಬಿ ಕೂಡುವುದೂ ಸರಿಯಲ್ಲ. ನಮ್ಮ ಹಿರಿಯರು ಕೆರೆಯ ನೀರನ್ನು ರೈತರ ಒಳ್ಳೆಯತನಕ್ಕೆ ಬಿಡಲಿಲ್ಲ, ನೀರುಗಂಟಿಯನ್ನು ನೇಮಿಸಿದರು. ತೂಬಿನ ಬಳಿಯ ಗದ್ದೆಯವನು ಎಷ್ಟೇ ದೊಡ್ಡವನಾಗಿರಲಿ, ಕಾಲುವೆಯ ಕೊನೆಯ ಗದ್ದೆಗೂ ಸರದಿ ಬರುವಂತೆ ನೋಡುವುದು ಅವನ ಕೆಲಸ. ಅಂಚೆ ಇಲಾಖೆಯಲ್ಲಿಯೂ ಇಂಥ ಏರ್ಪಾಡೊಂದಿದೆ, ಬಹಳ ಜನಕ್ಕೆ ತಿಳಿಯದು: ಫಿಲಾಟೆಲಿಕ್ ಡೆಪಾಸಿಟ್ ಅಕೌಂಟ್. ೨೦೦ ರೂಪಾಯಿಯಷ್ಟು ಸಣ್ಣ ಮೊತ್ತದಿಂದ ತೆರೆಯಬಹುದಾಗಿದ್ದ ಈ ಖಾತೆಯವರಿಗೆ ಹೊಸ ಚೀಟಿಗಳು ಮುಖಬೆಲೆಗೇ ಮನೆಗೆ ಬರುತ್ತವೆ. ರೈಲೂ ಬೇಡ, ಸಾಲೂ ಬೇಡ, ಮೆಟ್ಟಿಲ ಮೇಲಿನ ಮಹನೀಯರೂ ಬೇಡ. ಕಿಟಕಿಯಲ್ಲಿಯೂ ಮೊದಲ ದಿನ ಒಬ್ಬರಿಗೆ ಇಷ್ಟೇ ಎಂದು ಹಲಗೆ ತೂಗುಹಾಕಿದರೆ ಗುಮಾಸ್ತರಿಗೂ ನೆಮ್ಮದಿ.

ಚೀಟಿ ಕೂಡಿಡುವ ಹುಡುಗರು ಕಡಿಮೆಯಾಗುತ್ತಿದ್ದಾರೆಂದು ಹಿರಿಯ ಸಂಗ್ರಾಹಕರು ಮರುಗುವುದನ್ನು ಕೇಳಿದ್ದೇನೆ. ಕಾಗದ ಬರೆಯುವವರೇ ಇಲ್ಲದಿರುವಾಗ ಅದಕ್ಕೆ ಕಾರಣಗಳು ಹಲವು. ಆದರೆ ಇರುವ ನಾಲ್ಕು ಹುಡುಗರೂ ಬರಿಗೈಯಲ್ಲಿ ಹಿಂದಿರುಗುವಂತೆ ಮಾಡಿದರೆ, ಬೀರುವಿನಲ್ಲಿ ಭದ್ರವಾಗಿರುವ ಆ ಹಾಳೆಗಳನ್ನು ನಾಳೆ ಕೊಳ್ಳುವವರು ಯಾರು? ಕೊನೆಯ ಎಲೆಗೆ ಹೋಳಿಗೆ ಮುಟ್ಟಬೇಕೆನ್ನುವುದು ಧರ್ಮದ ಮಾತು. ಬಾಚುವವರು ಅದನ್ನು ಲಾಭದ ಮಾತೆಂದೇ ತಿಳಿದು ನಡೆದರೂ ನನ್ನ ಅಭ್ಯಂತರವಿಲ್ಲ.