ಆಂಜೇ ಊರಿನ ತೂಗುಸೇತುವೆ ಕುಸಿದದ್ದೇಕೆ?

ಫ್ರಾನ್ಸ್ ದೇಶದ ಪಶ್ಚಿಮ ಭಾಗದಲ್ಲಿ, ಮೇನ್ ನದಿಯ ದಡದಲ್ಲಿರುವ ಊರು ಆಂಜೇ. ಹದಿಮೂರನೆಯ ಶತಮಾನದ ಕೋಟೆ, ಅದರ 17 ದುಂಡು ಬುರುಜುಗಳು ಈ ಊರಿನ ಹೆಗ್ಗುರುತು. ಹಿಂದೆ ಶತ್ರುಗಳ ದೋಣಿಗಳು ನುಗ್ಗದಂತೆ ಕೋಟೆಯ ಬಳಿ ನದಿಗೆ ಅಡ್ಡಲಾಗಿ ಸರಪಳಿ ಬಿಗಿಯುತ್ತಿದ್ದರು. ಆದ್ದರಿಂದ ಆ ಸ್ಥಳಕ್ಕೆ ‘ಬಾಸ್ ಶೆನ್’, ಅಂದರೆ ‘ಕೆಳಗಿನ ಸರಪಳಿ’ ಎಂದು ಹೆಸರು. 1830ರ ದಶಕದ ಕೊನೆಯಲ್ಲಿ ಜೋಸೆಫ್ ಶಾಲೇ ಎಂಬ ಎಂಜಿನಿಯರ್ ತನ್ನ ಜೊತೆಗಾರನೊಡನೆ ಇಲ್ಲಿ ಸುಮಾರು 100 ಮೀಟರ್ ಉದ್ದದ ತೂಗುಸೇತುವೆಯನ್ನು ಕಟ್ಟಿದ. ಶಾಲೇ ಅನನುಭವಿಯಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಫ್ರೈಬೂರ್ಗ್‌ನಲ್ಲಿ 270 ಮೀಟರಿಗೂ ಉದ್ದನೆಯ ತೂಗುಸೇತುವೆ ಕಟ್ಟಿ ಹೆಸರಾಗಿದ್ದವನು.

ಆಗ ಇಂಗ್ಲೆಂಡಿನವರು ತೂಗುಸೇತುವೆಗೆ ಕಬ್ಬಿಣದ ಸರಪಳಿ ಬಳಸುತ್ತಿದ್ದರು. ಫ್ರೆಂಚರು ಹಿಡಿದದ್ದು ತಂತಿಯ ದಾರಿ. 1825ರಲ್ಲಿ ಮಾರ್ಕ್ ಸೆಗೆನ್ ರೋನ್ ನದಿಗೆ ತಂತಿಯ ಹಗ್ಗದ ಸೇತುವೆ ಕಟ್ಟಿ ತೋರಿಸಿದ್ದ. ಸರಪಳಿಯಲ್ಲಿ ಒಂದು ಕೊಂಡಿ ಕೆಟ್ಟರೆ ಇಡೀ ಸರಪಳಿಯೇ ಹೋಯಿತು; ನೂರಾರು ತಂತಿಗಳ ಕಟ್ಟಿನಲ್ಲಿ ಒಂದೆರಡು ತುಂಡಾದರೂ ಉಳಿದವು ಭಾರ ಹೊರುತ್ತವೆ. ಆದರೆ ಇದಕ್ಕೊಂದು ಬೆಲೆಯುಂಟು. ಒಂದು ದಪ್ಪ ಸರಳನ್ನು ಅಷ್ಟೇ ಉದ್ದದ 100 ತಂತಿಗಳಾಗಿ ಮಾಡಿದರೆ, ಲೋಹ ಅಷ್ಟೇ ಇದ್ದರೂ ಮೇಲ್ಮೈ ಹತ್ತು ಪಟ್ಟಾಗುತ್ತದೆ. (ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.) ತುಕ್ಕು ತಿನ್ನುವುದು ಮೇಲ್ಮೈಯನ್ನೇ.

1850ರ ಏಪ್ರಿಲ್ 16. ಬಿರುಗಾಳಿ, ಮಳೆ. ಫ್ರೆಂಚ್ ಪದಾತಿದಳದ ತುಕಡಿಯೊಂದು ಸೇತುವೆ ಏರಿತು. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್‌ನಲ್ಲಿ ಸೈನಿಕರ ನಡಿಗೆಗೆ ಸೇತುವೆ ಕುಸಿದಿತ್ತು; ಹಾಗಾಗಿ ಇಲ್ಲಿ ಹೆಜ್ಜೆ ಕೂಡಿಸದೆ ನಡೆಯಲು ಆಜ್ಞೆಯಾಗಿತ್ತು. ಆದರೆ ಗಾಳಿಗೆ ಸೇತುವೆ ತೊನೆಯುತ್ತಿತ್ತು. ತೊನೆಯುವ ಹಲಗೆಯ ಮೇಲೆ ಸಮತೋಲ ಕಾಯಲು ಯಾರೇ ಆದರೂ ಆ ತೊನೆತಕ್ಕೆ ತಕ್ಕಂತೆ ಕಾಲಿಡುತ್ತಾರೆ. ಹೆಜ್ಜೆಗಳು ತಾವಾಗಿಯೇ ಕೂಡಿಕೊಂಡವು. ಉಯ್ಯಾಲೆಯನ್ನು ಸರಿಯಾದ ಸಮಯಕ್ಕೆ ಮತ್ತೆ ಮತ್ತೆ ತಳ್ಳಿದಂತೆ ತೂಗಾಟ ಹೆಚ್ಚಿತು. ಇದೇ ಅನುರಣನೆ. ಹಗ್ಗ ಕಿತ್ತಿತು, ಎರಕದ ಕಬ್ಬಿಣದ ಕಂಬ ಉರುಳಿತು. 220ಕ್ಕೂ ಹೆಚ್ಚು ಮಂದಿ ಸತ್ತರು. ಹಲವರಿಗೆ ಗಾಯವಾದದ್ದು ಸಂಗಾತಿಗಳ ಬಂದೂಕಿನ ತುದಿಯ ಬಯೊನೆಟ್‌ಗಳಿಂದ.

ಅನುರಣನೆಯ ಪಾಠದಲ್ಲಿ ಈ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಅದು ಅರ್ಧ ಸತ್ಯ. ಹಗ್ಗಗಳ ತುದಿಯನ್ನು ದಡದ ಕಲ್ಲುಕಟ್ಟಡದೊಳಗೆ ಹೂತು, ತೇವ ತಾಗದಿರಲೆಂದು ಸುತ್ತಲೂ ಗಾರೆ ತುಂಬಿದ್ದರು. ಗಾರೆ ತಂತಿಗಳಿಗೆ ಸರಿಯಾಗಿ ಅಂಟಿರಲಿಲ್ಲ. ಸಂದಿನಲ್ಲಿ ನೀರಿಳಿದು, ಹನ್ನೊಂದು ಹನ್ನೆರಡು ವರ್ಷಗಳಲ್ಲಿ ತಂತಿಗಳು ತುಕ್ಕು ಹಿಡಿದಿದ್ದವು. ರಕ್ಷಣೆಗೆಂದು ಹಾಕಿದ ಗಾರೆಯೇ ರೋಗವನ್ನು ಮುಚ್ಚಿಟ್ಟಿತ್ತು. ಅಗೆಯದೆ ಅದನ್ನು ಕಾಣುವಂತಿರಲಿಲ್ಲ. ಸೈನಿಕರ ಹೆಜ್ಜೆಗಿಂತ ಈ ಗಾರೆಯ ತಪ್ಪೇ ದೊಡ್ಡದು ಎನ್ನಬೇಕು.

ಆ ಬಳಿಕ ಸುಮಾರು ಎರಡು ದಶಕ ಫ್ರಾನ್ಸಿನಲ್ಲಿ ಹೊಸ ತೂಗುಸೇತುವೆಗಳು ಬಹುಮಟ್ಟಿಗೆ ನಿಂತುಹೋದವು. ಮುಂದೆ ಫರ್ಡಿನಾಂಡ್ ಆರ್ನೊಡೆನ್ ಎಂಬಾತ ಅವುಗಳಿಗೆ ಮತ್ತೆ ಜೀವ ಕೊಟ್ಟ. ಅವನ ಸೇತುವೆಗಳಲ್ಲಿ ಕೆಟ್ಟ ಭಾಗಗಳನ್ನು ಬಿಚ್ಚಿ ಹೊಸದನ್ನು ಹಾಕಬಹುದಿತ್ತು.