ಹಿಟ್ಟಿನ ಕೋಳಿಯೂ ಕುಸುಬಿಯ ಹಾಲೂ

ಕೃಷ್ಣೆ ಮತ್ತು ಘಟಪ್ರಭೆಯರ ನೀರುಣ್ಣುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ನಿತ್ಯದ ಊಟವನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಝುಣಕ, ಪುಂಡಿಪಲ್ಯ, ಮಡಿಕೆಕಾಳಿನ ಉಸುಳಿ, ಶೇಂಗಾ, ಗುರೆಳ್ಳು, ಅಗಸಿಗಳ ಚಟ್ನಿಪುಡಿ - ಇವುಗಳಲ್ಲಿ ಯಾವುದಕ್ಕೂ ಹಾಲಿನ ಹಂಗಿಲ್ಲ. ಹಾಲು ಈ ಊಟದೊಳಗೆ ಬರುವುದು ಐದು ಕಡೆ ಮಾತ್ರ: ರೊಟ್ಟಿಯ ಪಕ್ಕದ ಮೊಸರು, ಊಟದ ಕೊನೆಯ ಮಜ್ಜಿಗೆ, ಹೋಳಿಗೆಯ ಮೇಲಿನ ತುಪ್ಪ, ಹುಗ್ಗಿ-ಪಾಯಸಗಳ ಹಾಲು, ಮುಂಜಾನೆಯ ಚಹಾ. ಆದರೆ ಮನೆಯ ಮಮತೆ ಊಟದಲ್ಲಿ ಪ್ರಕಟವಾಗುವುದು ಬಹುಮಟ್ಟಿಗೆ ಈ ಐದು ಕಡೆಯೇ. ಆದ್ದರಿಂದ ಹಾಲನ್ನು ಬಿಡುವ ಪ್ರಶ್ನೆ ಈ ಭಾಗದಲ್ಲಿ ಹೊಟ್ಟೆಯ ಪ್ರಶ್ನೆಗಿಂತ ಸಂಬಂಧಗಳ ಪ್ರಶ್ನೆಯಾಗಿದೆ.

ಹಾಲು, ಮೊಸರು, ತುಪ್ಪ, ಜೇನುಗಳನ್ನೂ ತೊರೆದ ಆಹಾರಕ್ರಮಕ್ಕೆ ‘ವೀಗನ್’ ಎಂಬ ಹೆಸರು ಬಂದುದು 1944ರಲ್ಲಿ, ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಆತನ ಸಂಗಡಿಗರಿಂದ. ಹೆಸರು ಹೊಸದಾದರೂ ಆಲೋಚನೆ ಹಳೆಯದು. ಸಿರಿಯಾದ ಅರಬ್ಬೀ ಕವಿ ಅಲ್-ಮಅರ್‍ರಿ (973-1057) ಮೀನು-ಮಾಂಸಗಳನ್ನಷ್ಟೇ ಅಲ್ಲದೆ ಹಾಲು, ಮೊಟ್ಟೆ, ಜೇನುಗಳನ್ನೂ ಬಿಟ್ಟು ಬದುಕಿದವನು. ಮರಿಗೆ ಸಲ್ಲಬೇಕಾದ ಹಾಲನ್ನು ಮನುಷ್ಯ ಕಸಿಯುವುದು ಅನ್ಯಾಯವೆಂದು ಕಾವ್ಯದಲ್ಲಿ ವಾದಿಸಿದವನು. ಮುಧೋಳದ ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನ 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದಾಗ ಈ ಅರಬ್ಬೀ ಕವಿ ಇಪ್ಪತ್ತರ ತರುಣ. ಒಬ್ಬರನ್ನೊಬ್ಬರು ಅರಿಯದ ಎರಡು ಲೋಕಗಳಲ್ಲಿ ಪ್ರಾಣಿದಯೆಯ ವಿಚಾರ ಏಕಕಾಲದಲ್ಲಿ ಕವಿಗಳ ವಸ್ತುವಾಗಿತ್ತೆಂಬುದು ತೌಲನಿಕ ಅಧ್ಯಯನ ಮಾಡುವವರು ನೆನಪಿಡಬೇಕಾದ ಸಂಗತಿ.

ಜೈನ ಆಚಾರಗ್ರಂಥಗಳಲ್ಲಿ ಹಾಲಿನ ಸ್ಥಾನ ಸೂಕ್ಷ್ಮವಾದುದು. ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಸೇರಿರುವುದರಿಂದ ಜೇನಿನ ಮಾತು ಅಲ್ಲಿಗೇ ಮುಗಿಯಿತು. ಹಾಲನ್ನು ನಿಷೇಧಿಸಿಲ್ಲ. ಆದರೂ ಅದು ಪ್ರಶ್ನಾತೀತವಾಗಿ ಉಳಿದಿಲ್ಲ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಮೂಲಂಗಿ, ಹಸಿಶುಂಠಿ, ಬೇವಿನ ಹೂಗಳ ಸಾಲಿನಲ್ಲಿಯೇ ಬೆಣ್ಣೆಯನ್ನೂ ವರ್ಜ್ಯವೆನ್ನುತ್ತದೆ. ಕಾಯಿಸದ ಹಾಲು-ಮೊಸರುಗಳನ್ನು ಬೇಳೆಕಾಳುಗಳ ಜೊತೆ ಬೆರೆಸಬಾರದೆಂಬ ದ್ವಿದಳದ ನಿಯಮವಿದೆ. ಆಚಾರವಂತರ ಮನೆಯಲ್ಲಿ ಕಡಲೆಹಿಟ್ಟಿನ ಝುಣಕವಿದ್ದ ದಿನ ಎಲೆಗೆ ಮೊಸರು ಬೀಳುವುದಿಲ್ಲ. ತತ್ತ್ವಾರ್ಥಸೂತ್ರವು ಬಾಹ್ಯತಪಸ್ಸುಗಳಲ್ಲಿ ರಸಪರಿತ್ಯಾಗವನ್ನು ಎಣಿಸಿದೆ. ದಿಗಂಬರ ಪರಂಪರೆ ಹೇಳುವ ಆರು ರಸಗಳೆಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು. ಇವುಗಳಲ್ಲಿ ಒಂದನ್ನೋ ಹಲವನ್ನೋ ಕೆಲವು ದಿನ ಬಿಟ್ಟು ಉಣ್ಣುವುದು ಈ ಮನೆಗಳ ಹೆಂಗಸರಿಗೆ ತಲೆಮಾರುಗಳಿಂದ ರೂಢಿ. ಹಾಲಿಲ್ಲದ ಅಡುಗೆ ಅವರಿಗೆ ಹೊಸದಲ್ಲ.

ಆದರೆ ವ್ರತದ ತ್ಯಾಗಕ್ಕೂ ಈಗಿನ ವೀಗನ್ ತ್ಯಾಗಕ್ಕೂ ದೃಷ್ಟಿಯಲ್ಲಿ ವ್ಯತ್ಯಾಸವಿದೆ. ವ್ರತ ಉಣ್ಣುವವನ ನಾಲಗೆಯನ್ನು ನೋಡುತ್ತದೆ. ಇದು ಹಾಲು ಕೊಡುವ ಎಮ್ಮೆಯನ್ನೂ ಅದರ ಕರುವನ್ನೂ ನೋಡುತ್ತದೆ. ಎರಡನೆಯ ನೋಟವೂ ಪರಂಪರೆಗೆ ಪರಕೀಯವಲ್ಲ. ರಬಕವಿ-ಬನಹಟ್ಟಿಗೆ ಹತ್ತಿರದ ತೇರದಾಳದಲ್ಲಿ ಮಂಡಲಿಕ ಗೊಂಕನು ಕಟ್ಟಿಸಿದ ಹನ್ನೆರಡನೆಯ ಶತಮಾನದ ಬಸದಿ ನೇಮಿನಾಥನದು. ತನ್ನ ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಕೂಗನ್ನು ಕೇಳಿ, ಮೆರವಣಿಗೆಯ ರಥವನ್ನು ಹಿಂದಕ್ಕೆ ತಿರುಗಿಸಿ ದೀಕ್ಷೆ ತೊಟ್ಟವನು ಆ ತೀರ್ಥಂಕರ. ಅವನ ವೈರಾಗ್ಯಕ್ಕೆ ನಿಮಿತ್ತವಾದದ್ದು ಒಂದು ಅಡುಗೆಯ ಸಿದ್ಧತೆ.

ಈ ಎರಡು ನೋಟಗಳು ಒಂದೇ ಒಲೆಯ ಮುಂದೆ ಎದುರಾದಾಗ ಏನಾಗುತ್ತದೆಂಬುದಕ್ಕೆ ಜಮಖಂಡಿ ಕಡೆಯ ಒಂದು ಜೈನ ಒಕ್ಕಲು ಮನೆಯನ್ನು ಉದಾಹರಿಸಬಹುದು. ಮನೆಯ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಪ್ರತಿಸಲ ಊರಿಂದ ಹೊರಡುವಾಗ ತಾಯಿ ಮನೆಯ ಎಮ್ಮೆಯ ತುಪ್ಪವನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕಟ್ಟಿಕೊಡುವುದು ವಾಡಿಕೆ. ಒಂದು ವರ್ಷ ದಸರೆಗೆ ಬಂದ ಮಗಳು ಹಿಂದಿನ ಸಲದ ಡಬ್ಬಿಯನ್ನು ತುಂಬಿದ್ದು ತುಂಬಿದ ಹಾಗೆಯೇ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ತಾಯಿ ಮುಚ್ಚಳ ತೆಗೆದು ನೋಡಿ, “ತುಪ್ಪ ಏನ್ ಮಾಡೇತವ್ವಾ ನಿನಗ?” ಎಂದು ಕೇಳಿದರು. “ತುಪ್ಪ ಏನೂ ಮಾಡಿಲ್ಲಬೇ. ಕರಾ ಏನ್ ಮಾಡಿತ್ತು?” ಎಂಬುದು ಮಗಳ ಉತ್ತರ. ಅದೇ ಬೇಸಿಗೆಯಲ್ಲಿ ಆ ಮನೆಯ ಎಮ್ಮೆ ಗಂಡುಕರು ಹಾಕಿತ್ತು. ಉಳುಮೆ ಟ್ರ್ಯಾಕ್ಟರಿಗೆ ಹೋದ ಮೇಲೆ ಕೋಣಗರುವಿಗೆ ಕೆಲಸವಿಲ್ಲ; ಅದು ಎಲ್ಲಿಗೆ ಹೋಯಿತೆಂಬುದನ್ನು ಮನೆಯಲ್ಲಿ ಯಾರೂ ಎತ್ತಿ ಆಡಿರಲಿಲ್ಲ. ತಾಯಿ ಮರುಮಾತನಾಡಲಿಲ್ಲ. ಹಬ್ಬದ ದಿನ ಮಗಳ ಹೋಳಿಗೆಗೆ ತುಪ್ಪವೂ ಬೀಳಲಿಲ್ಲ. ತಾಯಿ ತನ್ನ ಹೋಳಿಗೆಗೂ ಹಾಕಿಕೊಳ್ಳಲಿಲ್ಲ. ಒಪ್ಪಿಗೆಯಿಂದ ಹಾಕಿಕೊಳ್ಳಲಿಲ್ಲವೋ ಸಿಟ್ಟಿನಿಂದಲೋ ಎಂಬುದು ಮಗಳಿಗೆ ಆ ಹೊತ್ತು ತಿಳಿಯಲಿಲ್ಲ.

ಆಮೇಲೆ ಮಗಳು ಬೆಂಗಳೂರಿನಿಂದ ತರತೊಡಗಿದ ಪೊಟ್ಟಣಗಳು ಜಗಳವನ್ನು ಇನ್ನೊಂದು ಕಡೆಗೆ ಹೊರಳಿಸಿದವು. ಬಾದಾಮಿ ಹಾಲು, ಸೋಯಾ ಪನೀರು ಒಂದು ಮಟ್ಟಿಗೆ ನಡೆದವು. ಆದರೆ ಕೋಳಿಮಾಂಸದ ನಾರು, ಬಣ್ಣ, ರುಚಿಗಳನ್ನು ಸೋಯಾದಲ್ಲಿ ತಂದ ಒಂದು ಪೊಟ್ಟಣ ಬಂದಾಗ ತಾಯಿ ಅದನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಅವರ ಮಾತು ಚಿಕ್ಕದು: “ಇದು ಯಶೋಧರನ ಕೋಳಿ ಆತು.” ಶಾಲೆಯನ್ನು ಏಳನೆಯ ಇಯತ್ತೆಗೆ ಬಿಟ್ಟರೂ ಬಸದಿಯ ಪುರಾಣಶ್ರವಣದಲ್ಲಿ ಆ ಕಥೆಯನ್ನು ಹಲವು ಸಲ ಕೇಳಿದವರು ಅವರು.

ಜನ್ನನ ‘ಯಶೋಧರ ಚರಿತೆ’ (1209) ಕನ್ನಡ ವಿದ್ಯಾರ್ಥಿಗಳಿಗೆ ಹೊಸದಲ್ಲ. ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಒಪ್ಪದ ಯಶೋಧರ, ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಕೊಂದ ಜೀವವಿಲ್ಲ, ಕೊಲ್ಲುವ ಸಂಕಲ್ಪವಿದೆ. ಅಷ್ಟರಿಂದಲೇ ತಾಯಿ-ಮಗ ಇಬ್ಬರೂ ಪ್ರಾಣಿಜನ್ಮಗಳ ಸರಣಿಯಲ್ಲಿ ನರಳಬೇಕಾಗುತ್ತದೆ. ಕೃತಿಯಷ್ಟೇ ಅಲ್ಲ, ಭಾವವೂ ಹಿಂಸೆಯೆಂಬ ತತ್ತ್ವಕ್ಕೆ ಇದಕ್ಕಿಂತ ತೀಕ್ಷ್ಣವಾದ ಕಥೆ ಕನ್ನಡದಲ್ಲಿಲ್ಲ.

ಈ ಕಥೆಯನ್ನು ಇಂದಿನ ‘ಹಾಗೆಯೇ ಇರುವ, ಆದರೆ ಅದಲ್ಲದ’ ಅಡುಗೆಗಳಿಗೆ ಅನ್ವಯಿಸುವಾಗ ಎಚ್ಚರ ಬೇಕು. ಯಶೋಧರನಲ್ಲಿ ಸಂಕಲ್ಪ ಬಲಿಯದು, ವಸ್ತು ಮಾತ್ರ ಹಿಟ್ಟಿನದು. ಬೆಂಗಳೂರಿನ ಪೊಟ್ಟಣವನ್ನು ಒಯ್ದ ಮಗಳಲ್ಲಿ ಸಂಕಲ್ಪ ಅಹಿಂಸೆಯದು, ಆಕಾರ ಮಾತ್ರ ಕೋಳಿಯದು. ಎರಡೂ ಒಂದಕ್ಕೊಂದು ತಿರುಗುಮುರುಗು. ಮಾಂಸದ ರುಚಿಗೆ ಒಗ್ಗಿ ಬೆಳೆದವನೊಬ್ಬ ಅದನ್ನು ಬಿಡಲು ಹೊರಟಾಗ ಇಂಥ ಅನುಕರಣೆ ಅವನಿಗೆ ಊರುಗೋಲಾಗಬಹುದು. ಅದನ್ನು ದೂಷಿಸಲು ಜನ್ನನನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ. ಆದರೂ ತಾಯಿಯ ಮಾತಿನಲ್ಲಿ ಸತ್ಯಾಂಶವಿದೆ. ಎಂದೂ ಮಾಂಸ ತಿನ್ನದ ಮನೆಗೆ ಮಾಂಸದ ಪ್ರತಿರೂಪ ತರುವುದರಿಂದ ಇಲ್ಲದ ಬಯಕೆಯೊಂದು ಒಳಗೆ ಬರುತ್ತದೆ. ಹಾಲಿನ ವಿಷಯದಲ್ಲಿಯೂ ಅಷ್ಟೇ: ಬಿಟ್ಟದ್ದರ ಪ್ರತಿರೂಪವನ್ನೇ ಹುಡುಕುವ ಅಡುಗೆ ಬಿಟ್ಟದ್ದನ್ನೇ ಧ್ಯಾನಿಸುತ್ತಿರುತ್ತದೆ.

ಅದು ಆ ಮನೆಯ ಶೇಂಗಾ ಮೊಸರಿನಲ್ಲಿ ಸ್ಪಷ್ಟವಾಯಿತು. ನೆಲದೊಳಗೆ ಬೆಳೆದರೂ ಶೇಂಗಾ ಬೀಜವೇ ಹೊರತು ಗಡ್ಡೆಯಲ್ಲವೆಂದು ಜೈನ ಅಡುಗೆಯಲ್ಲಿ ಅದರ ಬಳಕೆಯಿದೆ. ಮಗಳು ಅದನ್ನು ನೆನೆಸಿ, ರುಬ್ಬಿ, ಸೋಸಿ, ಕಾಯಿಸಿ, ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪಿಟ್ಟಳು. ಮೊಸರಿನಂತೆ ಕಂಡಿತು, ಬಾಯಿಗಿಟ್ಟಾಗ ಹಸಿ ಶೇಂಗಾದ ವಾಸನೆ ಬಿಡಲಿಲ್ಲ. ಎಲೆಯ ಮೇಲೆ ಅದನ್ನು ನೋಡಿದವರೆಲ್ಲ ಮೊಸರನ್ನು ನೆನೆದು ಬೇಸರಪಟ್ಟರು. ಮರುದಿನ ತಾಯಿ ಬೇರೆ ದಾರಿ ಹಿಡಿದರು. ರೊಟ್ಟಿಗೆ ಮೊಸರು ಬೇಕಾಗಿದ್ದುದು ಹುಳಿಗಾಗಿ ಮತ್ತು ಖಾರವನ್ನು ತಣಿಸುವುದಕ್ಕಾಗಿ. ಹುಳಿಯನ್ನು ಪುಂಡಿಸೊಪ್ಪು ಕೊಡುತ್ತದೆ. ಜೋಳದ ನುಚ್ಚು ಹಾಕಿ ಮೆತ್ತಗೆ ಕುದಿಸಿದ ಪುಂಡಿಪಲ್ಯ, ಚಟ್ನಿಪುಡಿಯ ಮೇಲೆ ಗಾಣದ ಶೇಂಗಾ ಎಣ್ಣೆ - ಇಷ್ಟರಲ್ಲಿ ಮೊಸರಿನ ನೆನಪೇ ಬರಲಿಲ್ಲ. ತುಪ್ಪದ ಪ್ರಶ್ನೆಗೂ ಉತ್ತರ ಮನೆಯಲ್ಲಿಯೇ ಇತ್ತು. ಬೇಳೆಯ ಹೋಳಿಗೆ ತುಪ್ಪ ಬೇಡುತ್ತದೆ. ಶೇಂಗಾ ಹೋಳಿಗೆಗೂ ಎಳ್ಳಿನ ಹೋಳಿಗೆಗೂ ತಮ್ಮೊಳಗಿನ ಎಣ್ಣೆಯೇ ಸಾಕು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ತುಪ್ಪವನ್ನು ಕೇಳಿದ್ದೇ ಇಲ್ಲ.

ಉಳಿದದ್ದು ಹುಗ್ಗಿಯ ಹಾಲು. ಇಲ್ಲಿ ಉತ್ತರ ಕರ್ನಾಟಕದ ಅಡುಗೆ ಪೇಟೆಯ ಎಲ್ಲ ಸಸ್ಯಹಾಲುಗಳಿಗಿಂತ ಮುಂಚೆಯೇ ತನ್ನದೊಂದು ಹಾಲನ್ನು ಮಾಡಿಟ್ಟುಕೊಂಡಿದೆ: ಕುಸುಬಿಯ ಹಾಲು. ಕುಸುಬಿ ಬೀಜವನ್ನು ತೊಳೆದು ನೆನೆಸಬೇಕು. ನೆನೆಹಾಕಿದ್ದನ್ನು ರಾತ್ರಿ ದಾಟಿಸಬಾರದೆಂಬ ಆ ಮನೆಯಲ್ಲಿ ಬೆಳಗಿನ ಜಾವ ನೆನೆಸಿ ಮಧ್ಯಾಹ್ನಕ್ಕೆ ರುಬ್ಬುತ್ತಾರೆ. ನೀರು ಹಾಕುತ್ತ ಎರಡು-ಮೂರು ಸಲ ರುಬ್ಬಿ ತೆಳುಬಟ್ಟೆಯಲ್ಲಿ ಹಿಂಡಿದರೆ ಸಿಪ್ಪೆಯ ಚರಟ ಬಟ್ಟೆಯಲ್ಲಿ ಉಳಿದು ಬೆಳ್ಳನೆಯ ಹಾಲು ಪಾತ್ರೆಗಿಳಿಯುತ್ತದೆ. ಕುಟ್ಟಿದ ಗೋಧಿಯನ್ನು ಬೇರೆಯಾಗಿ ಮೆತ್ತಗೆ ಬೇಯಿಸಿ, ಬೆಲ್ಲ ಕರಗಿಸಿ, ಈ ಹಾಲನ್ನು ಹೊಯ್ದು ಕೈಬಿಡದೆ ತಿರುವುತ್ತ ಕುದಿಸಬೇಕು. ಕೊನೆಗೆ ಏಲಕ್ಕಿ, ಒಣಕೊಬ್ಬರಿ. ಒಂದು ಬಟ್ಟಲು ಗೋಧಿಗೆ ಒಂದು ಬಟ್ಟಲು ಕುಸುಬಿ, ಒಂದು ಬಟ್ಟಲು ಬೆಲ್ಲ ಆ ಮನೆಯ ಅಳತೆ. ಈ ಹುಗ್ಗಿ ಎಮ್ಮೆಯ ಹಾಲಿನ ಹುಗ್ಗಿಯಂತೆ ಇರುವುದಿಲ್ಲ, ಇರಲೆಂದು ಯಾರೂ ಬಯಸುವುದೂ ಇಲ್ಲ. ಅದಕ್ಕೆ ತನ್ನದೇ ಹೆಸರಿದೆ, ತನ್ನದೇ ಘಮವಿದೆ. ಹಿಟ್ಟಿನ ಕೋಳಿ ಕೋಳಿಯಂತೆ ಕಾಣಬೇಕು. ಕುಸುಬಿಯ ಹಾಲಿಗೆ ಆ ಹೊಣೆಯಿಲ್ಲ. ಅನುಕರಣೆಗೂ ಪರ್ಯಾಯಕ್ಕೂ ಇರುವ ವ್ಯತ್ಯಾಸ ಇದು.

ಕನ್ನಡದ ಪಾಕಗ್ರಂಥಗಳಲ್ಲಿಯೂ ಈ ವಿವೇಕವನ್ನು ಹುಡುಕಬಹುದು. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಜೈನಕವಿ ಮೂರನೆಯ ಮಂಗರಸ ನೇಮಿನಾಥನ ಚರಿತೆಯನ್ನು ಸಾಂಗತ್ಯದಲ್ಲಿ ಬರೆದವನು. ಸಸ್ಯಾಹಾರದ ಅಡುಗೆಗಳನ್ನು ವಾರ್ಧಕ ಷಟ್ಪದಿಯಲ್ಲಿ ಹೇಳುವ ‘ಸೂಪಶಾಸ್ತ್ರ’ವೂ ಅವನದೇ. ಅಲ್ಲಿ ಹಾಲು-ತುಪ್ಪಗಳಿಗೆ ಬರವಿಲ್ಲ. ಆದರೆ ಬದನೆಯನ್ನು ಬದನೆಯಾಗಿಯೇ, ಹಲಸನ್ನು ಹಲಸಾಗಿಯೇ ಎಷ್ಟು ಬಗೆಯಲ್ಲಿ ಪಾಕಕ್ಕೆ ತರಬಹುದೆಂಬುದೇ ಅವನ ಆಸಕ್ತಿ. ಈ ದೃಷ್ಟಿಯಿಂದ ಆ ಕೃತಿಯನ್ನು ಮತ್ತೆ ಓದುವ ಅವಕಾಶ ಸಂಶೋಧಕರಿಗಿದೆ.

ಇಷ್ಟಾದರೂ ಪ್ರಶ್ನೆ ಪೂರ್ತಿ ಬಗೆಹರಿದಂತಲ್ಲ. ಬಿ-12 ಜೀವಸತ್ವ ಸಸ್ಯಾಹಾರಿಗಳಿಗೆ ದೊರೆಯುವುದು ಮುಖ್ಯವಾಗಿ ಹಾಲಿನಿಂದ. ಅದನ್ನು ಬಿಟ್ಟವರು ಮಾತ್ರೆಯನ್ನೋ ಆ ಜೀವಸತ್ವ ಸೇರಿಸಿದ ಆಹಾರವನ್ನೋ ತೆಗೆದುಕೊಳ್ಳಲೇಬೇಕು. ಅಡುಗೆಯ ಜಾಣ್ಮೆ ಇದಕ್ಕೆ ಉತ್ತರವಲ್ಲ. ಎರಡನೆಯದು ಜೀವನೋಪಾಯದ ಮಾತು. ಈ ತಾಲೂಕುಗಳ ಅನೇಕ ಮನೆಗಳಲ್ಲಿ ಡೇರಿಗೆ ಹಾಕುವ ಹಾಲಿನ ದುಡ್ಡು ಹೆಂಗಸರ ಕೈಗೆ ನೇರವಾಗಿ ಬರುವ ದುಡ್ಡು. ಜಮಖಂಡಿಯ ಆ ತಾಯಿಯೂ ಎಮ್ಮೆಯನ್ನು ಮಾರಿಲ್ಲ. ಮಗಳೂ ಮಾರೆಂದು ಹೇಳಿಲ್ಲ. ಈಗ ಡಬ್ಬಿಯಲ್ಲಿ ಅಗಸಿ ಚಟ್ನಿಪುಡಿ ಹೋಗುತ್ತದೆ. ತುಪ್ಪವನ್ನು ಮಗಳಿಗೆ ಕೊಡುವುದಿಲ್ಲವೆಂಬ ನೋವು ತಾಯಿಗೆ ಇದ್ದೇ ಇದೆ. ಕೊಟ್ಟಿಗೆಯ ಕಡೆ ನೋಡುವಾಗ ಮಗಳಿಗೂ ಒಂದು ನೋವಿದೆ. ಒಬ್ಬರ ನೋವನ್ನು ಇನ್ನೊಬ್ಬರು ಬಲ್ಲರೆಂಬುದರಿಂದ ಆ ಮನೆಯ ಪಂಕ್ತಿ ಎರಡಾಗಿಲ್ಲ.

ಮೂರನೆಯ ಸಂಗತಿ ಕುಸುಬಿಯದೇ. ಅದು ಎರೆನೆಲದ ಹಿಂಗಾರಿ ಬೆಳೆ. ಅದರ ಮುಳ್ಳಿಗೆ ದನಕರು ಹತ್ತಿರ ಬರುವುದಿಲ್ಲವೆಂದು ಬಿಳಿಜೋಳದ ಹೊಲದ ಸುತ್ತ ಅಂಚಿಗೆ ಅದನ್ನು ಬಿತ್ತುತ್ತಿದ್ದರು. ನೀರಾವರಿ ಬಂದು ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದಂತೆ ಆ ಅಂಚೂ ಕಣ್ಮರೆಯಾಗುತ್ತಿದೆ; ಕುಸುಬಿ ಎಣ್ಣೆಯ ಜಾಗಕ್ಕೆ ಬೇರೆ ಎಣ್ಣೆಯ ಪಾಕೀಟುಗಳು ಬಂದಿವೆ. ಬೀಜ ಸಿಗದಿದ್ದರೆ ಹಾಲೂ ಇಲ್ಲ, ಹುಗ್ಗಿಯೂ ಇಲ್ಲ. ಊರಿನ ಅಡುಗೆಯಲ್ಲಿಯೇ ಉತ್ತರವಿದೆಯೆಂದು ಹೇಳುವವರು ಆ ಅಡುಗೆ ನಿಂತಿರುವ ಹೊಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಕುಸುಬಿ ಹಾಲು ಹಿಂಡಿ ಹುಗ್ಗಿ ಮಾಡಬಲ್ಲ ಹಿರಿಯ ಹೆಂಗಸರು ಈ ನಾಲ್ಕೂ ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರ ಅಳತೆಗಳನ್ನೂ, ಯಾವ ವ್ರತಕ್ಕೆ ಯಾವ ರಸವನ್ನು ಬಿಟ್ಟು ಏನನ್ನು ಅಟ್ಟರೆಂಬುದನ್ನೂ ಕೇಳಿ ಬರೆದಿಡುವುದು ಜಾನಪದದ, ಭಾಷೆಯ, ಧರ್ಮದ ಅಧ್ಯಯನ ಮಾಡುತ್ತಿರುವ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕೆಲಸ.